ಎಷ್ಟು ಕಡ್ಡಿ, ಅಮ್ಮಾರೆ?

ರಿಟೈರ್ ಆದ ಮೇಲೆ ನಾನೂ ನಮ್ಮ ಯಜಮಾನರೂ ಹಳೆಯ ವ್ಯಾನೊಂದಕ್ಕೆ ಮಂಚ, ಸ್ಟೌವ್ ಹಾಕಿಸಿಕೊಂಡು ಎಚ್.ಡಿ. ಕೋಟೆಯ ಕಾಡಂಚಿನಲ್ಲಿ ತಿರುಗುತ್ತಿದ್ದೆವು. ಆಗಿನ್ನೂ ಸೆಲ್‌ಫೋನ್ ಹೊಸದು. ಹಂಪಾಪುರ ದಾಟಿದರೆ ಸಿಗ್ನಲ್ ಮಾಯ.

ನಮ್ಮ ಡ್ರೈವರ್ ಮಾತ್ರ ಸುಮ್ಮನಿರುವವನಲ್ಲ. ಟೀವಿ ಆಂಟೆನಾವನ್ನು ಬಿದಿರು ಗಳಕ್ಕೆ ಕಟ್ಟಿ, ಅದರ ವೈರನ್ನು ಫೋನಿನ ಬೆನ್ನಿಗೆ ಸಿಕ್ಕಿಸಿ, ವ್ಯಾನಿನ ತಲೆಯ ಮೇಲೆ ನಿಂತು ಗಳವನ್ನು ಇಷ್ಟಿಷ್ಟೇ ತಿರುಗಿಸುತ್ತಿದ್ದ. "ಎಷ್ಟು ಕಡ್ಡಿ, ಅಮ್ಮಾರೆ?" ಎಂದು ಕೂಗುತ್ತಿದ್ದ. ನಾನು ಒಳಗಿನಿಂದ ಫೋನಿನ ಸಿಗ್ನಲ್ ಕಡ್ಡಿ ಎಣಿಸಿ, "ಟೂ! ಹಾಂ, ಥ್ರೀ!" ಎನ್ನುತ್ತಿದ್ದೆ. ಕೈಬಿಟ್ಟರೆ ಲೈನ್ ಹೋಗುತ್ತಿತ್ತು. ನಮ್ಮ ಮಾತು ಮುಗಿಯುವವರೆಗೂ ಕೊಕ್ಕರೆಯಂತೆ ನಿಂತೇ ಇರುತ್ತಿದ್ದ. ತಾನು ಮಾತ್ರ ಯಾರಿಗೂ ಫೋನ್ ಮಾಡುತ್ತಿರಲಿಲ್ಲ. ಯಾಕೋ ಎಂದು ನನಗೊಂದು ಕ್ಯೂರಿಯಾಸಿಟಿ.

ಒಂದು ಸಂಜೆ ಮೇಲಿನಿಂದಲೇ ನಂಬರ್ ಹೇಳಿ ಒತ್ತಿಸಿದ. ಜಗಳವಾಡಿ ಚುಂಚನಕಟ್ಟೆಯ ತವರಿಗೆ ಹೋಗಿದ್ದ ಹೆಂಡತಿಗೆ!

"ಯಾವಾಗ ಬತ್ತಾಳಂತೆ, ವಸಿ ಕೇಳಿ ಅಮ್ಮಾರೆ."

ಕೇಳಿದೆ.

"ನೀವ್ಯಾಕ್ ಕೇಳೀರಿ? ಆವಯ್ಯಂಗೆ ಬಾಯಿಲ್ವಾ?" ಎಂದಳು ಆಕೆ.

"ಆಂಟೆನಾ ಹಿಡ್ಕೊಂಡಿದಾನಮ್ಮ."

"ಅದ್ನೇ ಇಡ್ಕೊಂಡಿರ್ಲಿ ಬುಡಿ!"

"ಒನ್ ಮಿನಿಟ್, ಇಡಬೇಡಮ್ಮ" ಎಂದು ಫೋನನ್ನು ಮಂಚದ ಮೇಲಿಟ್ಟು, ಸೀರೆ ಸಿಕ್ಕಿಸಿ, ಹಿಂದಿನ ಏಣಿ ಹತ್ತಿದೆ. ಯಜಮಾನರು "ಆರ್ ಯೂ ಮ್ಯಾಡ್?" ಎಂದರು. ಆತನ ಕೈಯಿಂದ ಗಳ ತೆಗೆದುಕೊಂಡೆ. ಆತ ಕೆಳಗೆ ಧುಮುಕಿದ.

ಒಳಗೆ ಪಿಸುಮಾತು ಬಹಳ ಹೊತ್ತು ನಡೆಯಿತು. ಕೈ ಸೋಲತೊಡಗಿತು. ಕೊನೆಗೆ ನಾನೇ ಕೂಗಿದೆ: "ಎಷ್ಟು ಕಡ್ಡಿಯಪ್ಪಾ?"

"ಮೂರ್ ಅದೆ ಅಮ್ಮಾರೆ! ನಾಳೀಕ್ ಬತ್ತಾಳಂತೆ! ಇನ್ನೊಸಿ ಅಂಗೇ ಇಡ್ಕಂಡಿರಿ!"