ದಾರಿಗಡ್ಡ ಕೂತ ಸೂಲಗಿತ್ತಿ

ಟ್ರೈಫೀನಾಗೆ ಎಪ್ಪತ್ತೊಂದು ತುಂಬಿದ ವರ್ಷ ಪ್ರಾರ್ಥನಾಮನೆಯಲ್ಲಿ ಅವಳು ಕೂರುತ್ತಿದ್ದ ಬೆಂಚನ್ನು ಕಿತ್ತುಹಾಕಿದರು.

ಕನೆಕ್ಟಿಕಟ್ ಹೊಳೆದಂಡೆಯ ನಮ್ಮ ಊರಿನಲ್ಲಿ ಯಾರು ಎಲ್ಲಿ ಕೂರಬೇಕೆಂದು ಸಮಿತಿಯವರು ಪಟ್ಟಿ ಬರೆದು ಬಾಗಿಲಿಗೆ ಮೊಳೆ ಹೊಡೆದು ತೂಗುಹಾಕುತ್ತಿದ್ದರು. ಹೆಂಗಸರ ಕಡೆಯ ಮೊದಲ ಬೆಂಚು ಉಪದೇಶಪೀಠದ ಎದುರಿಗೇ ಇತ್ತು. ಅಲ್ಲಿ ಕೂರಲು ಸಿರಿವಂತಿಕೆ ಬೇಕಿರಲಿಲ್ಲ. ತಲೆ ನರೆತಿರಬೇಕು, ಊರಿಗೆ ಉಪಕಾರವಾಗಿ ಬದುಕಿರಬೇಕು, ಅಷ್ಟೇ. ಹಿಂದಿನಿಂದ ಒಂದೊಂದೇ ಸಾಲು ಸರಿದು ಅಲ್ಲಿಗೆ ಬರಲು ಟ್ರೈಫೀನಾಗೆ ನಲವತ್ತು ವರ್ಷ ಹಿಡಿದಿತ್ತು. ಸೊಂಟದುದ್ದ ಹಿಮದಲ್ಲಿ ನಡೆದು ಹೆರಿಗೆ ಮಾಡಿಸಿದ್ದಾಳೆ. ಕೊಟ್ಟದ್ದನ್ನು ತೆಗೆದುಕೊಂಡಿದ್ದಾಳೆ: ಒಂದು ಮನೆಯಲ್ಲಿ ಮುಸುಕಿನ ಜೋಳದ ಹಿಟ್ಟು, ಇನ್ನೊಂದರಲ್ಲಿ ಒಂದು ಹಿಡಿ ಉಣ್ಣೆ, ಕೆಲವು ಕಡೆ ಬರೀ ಕಣ್ಣೀರು.

ಈಗ ಕಾಲ ಅಸಾಹೆಲ್ ಟ್ರೀಟ್‌ನದು. ಕೆರಿಬಿಯನ್ ದ್ವೀಪಗಳಿಗೆ ಕುದುರೆ, ಪೀಪಾಯಿ ಹಲಗೆ ಕಳಿಸಿ, ಅಲ್ಲಿಂದ ಕಾಕಂಬಿ ತರಿಸಿ, ಹತ್ತೇ ವರ್ಷದಲ್ಲಿ ಅವನು ಊರಿಗೆಲ್ಲ ದೊಡ್ಡ ಮನುಷ್ಯನಾದ. ಪ್ರಾರ್ಥನಾಮನೆಗೆ ಹೊಸ ಛಾವಣಿ ಹಾಕಿಸುತ್ತೇನೆ, ಬದಲಿಗೆ ನನ್ನ ಸಂಸಾರಕ್ಕೆ ಮುಂದುಗಡೆ ಕಟಕಟೆ ಕಟ್ಟಿ ಬಾಗಿಲಿಟ್ಟ ಜಾಗ ಕೊಡಿ ಎಂದ. ಊರ ಸಭೆ ಕೈ ಎತ್ತಿ ಒಪ್ಪಿತು. ಹೆಂಗಸರಿಗೆ ಎತ್ತಲು ಕೈಯೇ ಇರಲಿಲ್ಲವಲ್ಲ! ಆ ಬೆಂಚಿನ ಐವರು ಮುದುಕಿಯರನ್ನು ಹಿಂದೆ, ಅಟ್ಟದ ಮೆಟ್ಟಿಲಿನ ಅಡಿಯ ಜಾಗಕ್ಕೆ ದೂಡಿದರು. ಉಪದೇಶದ ಒಂದು ಮಾತೂ ಅಲ್ಲಿಗೆ ತಲುಪುವುದಿಲ್ಲ.

ವಿಷಯ ತಿಳಿಸಲು ಸಮಿತಿಯ ಹಿರಿಯ, ಡೀಕನ್ ಎಲಿಫಲೆಟ್ ಬಂದ. ಬಂದವನು ಬಾಗಿಲಲ್ಲೇ ಟೋಪಿ ತಿರುಗಿಸುತ್ತ ನಿಂತ.

“ಅಲ್ಲಿ ಗಾಳಿ ಚೆನ್ನಾಗಿ ಬರತ್ತೆ ಅಜ್ಜಿ.”

“ಅಷ್ಟು ಚೆನ್ನಾಗಿದ್ರೆ ಅಸಾಹೆಲ್‌ಗೇ ಕೊಡು.”

“ಅವನು ಛಾವಣಿ ಹಾಕಿಸಿಕೊಟ್ಟಿದಾನಲ್ಲ...”

“ಅದರ ಕೆಳಗೆ ಕೂರೋ ಜನಾನ ಯಾರೋ ತಂದುಕೊಟ್ಟಿದ್ದು? ನಿನ್ನನ್ನೂ ಸೇರಿಸಿ ಹೇಳು.”

“ಪಟ್ಟಿ ಮೀರಿದ್ರೆ ದಂಡ ಬೀಳತ್ತೆ, ಆಮೇಲೆ ನನ್ನ ಬಯ್ಯಬೇಡ.”

“ಬೀಳಲಿ, ಹೋಗು.”

ಭಾನುವಾರ ಅವಳು ಕಂಕುಳಲ್ಲಿ ಒಂದು ಮುಕ್ಕಾಲಿ ಇರುಕಿಕೊಂಡು ಬಂದಳು. ತಗ್ಗಾದದ್ದು, ನಡುವೆ ಲಾಳದಂತೆ ಕೊರೆದದ್ದು. ಗಂಡಸರಿಗೆ ಅದೇನೆಂದು ಗೊತ್ತಾಗಲಿಲ್ಲ. ಹೆಂಗಸರಿಗೆ ನೋಡಿದ ಕೂಡಲೇ ಗೊತ್ತಾಯಿತು. ಹೆರಿಗೆಯ ಹೊತ್ತಿಗೆ ಅದರ ಮೇಲೆ ಕೂತು ಹಲ್ಲು ಕಚ್ಚದವರು ಅಲ್ಲಿ ಕಡಿಮೆ. ಟ್ರೈಫೀನಾ ಅದನ್ನು ಟ್ರೀಟ್‌ನ ಕಟಕಟೆಯ ಬಾಗಿಲಿಗೇ ಒತ್ತಿ, ಓಡಾಡುವ ದಾರಿಯಲ್ಲಿಟ್ಟು ಕೂತಳು.

ರೇಷ್ಮೆ ಕಾಲುಚೀಲ ತೊಟ್ಟು ಅಸಾಹೆಲ್ ಬಂದ. ಹಿಂದೆ ಹೆಂಡತಿ.

“ಏಳು ಮುದುಕಿ, ದಾರಿ ಬಿಡು.”

“ಪಟ್ಟೀಲಿ ಬೆಂಚು ಯಾರ್ಯಾರದು ಅಂತ ಬರ್ದಿದೆ. ನೆಲ ಊರಿಂದು.”

“ಜನ ನೋಡ್ತಿದಾರೆ.”

“ನೋಡಲಿ ಬಿಡು. ಹುಟ್ಟೋವಾಗ್ಲೂ ನೀನು ಕಾಲು ಮುಂದೆ ಮಾಡ್ಕೊಂಡು ಹೊರಟೋನೇ. ನಿಮ್ಮಮ್ಮನ್ನ ಇದರ ಮೇಲೇ ಕೂರಿಸಿ ಎರಡು ದಿನ ಒದ್ದಾಡಿ ಸರಿಯಾಗಿ ತಿರುಗಿಸಿದೀನಿ. ದಾರಿ ಬೇಕಾ? ಕೇಳು, ಬಿಡ್ತೀನಿ. ಮರ್ಯಾದೆಯಿಂದ ಕೇಳು.”

ಹೆಂಗಸರ ಕಡೆಯಿಂದ ಕಿಸಕ್ಕನೆ ನಗು ಬಂತು. ಅಸಾಹೆಲ್ ದಾರಿ ಕೇಳಲಿಲ್ಲ. ಎರಡು ಗಂಟೆಯ ಉಪದೇಶವನ್ನು ನಿಂತೇ ಕೇಳಿದ. ಮಧ್ಯಾಹ್ನದ್ದನ್ನೂ ನಿಂತೇ ಕೇಳಿದ. ಅವನ ಹೆಂಡತಿ ಬಿಗಿ ಬೂಟಿನಲ್ಲಿ ಕಾಲು ಬದಲಾಯಿಸುತ್ತ ಗಂಡನನ್ನು ಕಣ್ಣಲ್ಲೇ ಸುಡುತ್ತಿದ್ದಳು. ಮರುವಾರ ಅವನು ದಾರಿ ಕೇಳಿದ; ಆಮೇಲೆ ವಾರವಾರವೂ ಕೇಳಬೇಕಾಯಿತು.

ದಂಡ ಬಿತ್ತು. ಟ್ರೈಫೀನಾ ಕಟ್ಟಲಿಲ್ಲ. ಕಾನ್‌ಸ್ಟೇಬಲ್ ಬಂದು ತವರದ ತಟ್ಟೆಗಳನ್ನೂ ಹಂದಿಯನ್ನೂ ಜಪ್ತಿ ಮಾಡಿದ. ಮುಕ್ಕಾಲಿಗೆ ಕೈ ಹಾಕಿದಾಗ ಅವನ ಹೆಂಡತಿಯೇ ಬೇಲಿಯಾಚೆಯಿಂದ ಅರಚಿದಳು: “ಕೆಳಗಿಡ್ರೀ ಅದನ್ನ! ನಿಮ್ಮ ಸೊಸೆಗೆ ಈ ತಿಂಗಳೇ ದಿನ ತುಂಬತ್ತೆ!” ಅವನು ತೆಪ್ಪಗೆ ಕೆಳಗಿಟ್ಟ.

ಚಳಿಗಾಲಕ್ಕೆ ಎಲಿಫಲೆಟ್ ಮತ್ತೆ ಬಂದ. ಈ ಸಲ ಟೋಪಿ ತೆಗೆದು ಒಳಗೇ ಕೂತ.

“ಟ್ರೀಟ್‌ ಅವರು ಒಪ್ಪಿದಾರೆ ಅಜ್ಜಿ. ಅವರ ಕಟಕಟೆ ಒಳಗೇ ನಿಂಗೊಂದು ಜಾಗ. ಮೆತ್ತೆ ಕೂಡ ಹಾಕಿಸ್ತಾರಂತೆ.”

ಅವಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳು. ಮಂಡಿ ನೋವಿಗೆ ಮುಕ್ಕಾಲಿಯಿಂದ ಏಳುವುದೇ ಕಷ್ಟವಾಗಿತ್ತು. ಒಲೆಗೆ ಇನ್ನೊಂದು ಸೌದೆ ತಳ್ಳಿದಳು.

“ಆ ಬೆಂಚಲ್ಲಿ ಐದು ಜನ ಇದ್ವಿ. ಉಳಿದ ನಾಲ್ಕು ಜನ ಎಲ್ಲಿ ಕೂತ್ಕೋತಾರೆ?”

“ಅವರೇನೂ ಗಲಾಟೆ ಮಾಡ್ಲಿಲ್ವಲ್ಲ.”

“ಹಾಗಾದ್ರೆ ಅವರ ಗಲಾಟೇನೂ ನಾನೇ ಮಾಡ್ತೀನಿ. ಎದ್ದು ಹೋಗು.”

ಆ ಭಾನುವಾರ ಹಿಮ ಸುರಿಯುತ್ತಿತ್ತು. ಊರಿಗೇ ಸಿರಿವಂತನಾದವನು ಟೋಪಿ ಕೈಯಲ್ಲಿ ಹಿಡಿದು, ಎಲ್ಲರೂ ನೋಡುತ್ತಿದ್ದಂತೆ, “ಅಜ್ಜಿ, ದಯವಿಟ್ಟು ಸ್ವಲ್ಪ ದಾರಿ ಬಿಡಿ” ಎಂದ. ಟ್ರೈಫೀನಾ ಮುಕ್ಕಾಲಿ ಸಮೇತ ನಾಲ್ಕು ಬೆರಳಷ್ಟು ಸರಿದಳು.