ಒಂದೇ ಕಡೆ ಸವೆದ ಶೂ

ಮೊನ್ನೆ ಸೋಮವಾರ ಬೆಳಗ್ಗೆ ಹಡಗಲಿಯಲ್ಲಿ ನನ್ನ ಹಳೆಯ ಸ್ಕೂಟಿ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬ್ ಉಜ್ಜಿ ಸೊಲ್ಯೂಷನ್ ಹಚ್ಚಿದ ಕೂಡಲೇ ಆ ಘಾಟು ಮೂಗಿಗೆ ಬಡಿಯಿತು... ಒಂದು ಕ್ಷಣ ಕೊಟ್ಟೂರಿನ ನಮ್ಮ ಓಣಿಯ ಮೂಲೆಯಲ್ಲಿ, ಪಂಕ್ಚರ್ ಚಾಚಾನ ಅಂಗಡಿ ಮುಂದೆ ಬರಿಗಾಲಲ್ಲಿ ನಿಂತಂತಾಯಿತು.

ಆಗ ನಾನು ಪೊಲೀಸ್ ಪೇದೆ ಹುದ್ದೆಯ ದೈಹಿಕ ಪರೀಕ್ಷೆಗೆ ತಯಾರಾಗುತ್ತಿದ್ದೆ. ಹಿಂದಿನ ಸಲ ಓಟ, ಜಿಗಿತ ಎರಡೂ ದಾಟಿ ಗುಂಡು ಎಸೆತದಲ್ಲಿ ಒಂದು ಗೇಣಿನಿಂದ ಸೋತಿದ್ದೆ. ಮುಂದಿನ ನೇಮಕಾತಿಯ ಹೊತ್ತಿಗೆ ವಯಸ್ಸು ಮೀರುತ್ತಿತ್ತು, ಹಾಗಾಗಿ ಇದೇ ಕೊನೆಯ ಅವಕಾಶ. ಆದರೂ ನಾನು ಮಾಡಿದ್ದೇನು? ಬರೀ ಓಟ! ದಿನಾ ಕಾಲೇಜು ಮೈದಾನಕ್ಕೆ ಹನ್ನೆರಡು ಸುತ್ತು, ನೋಟ್‌ಬುಕ್ಕಿನಲ್ಲಿ ತಾರೀಖು, ಅದರ ಮುಂದೆ ಹನ್ನೆರಡು ಗೀಟು. ಗುಂಡು ಹಿಡಿದರೆ ಸೋಲು ನೆನಪಾಗುತ್ತಿತ್ತು. ಓಟದ ಗೀಟುಗಳು ಮಾತ್ರ ಒಂದು ದಿನವೂ ತಪ್ಪದೆ ಸಾಲಾಗಿ ನಿಲ್ಲುತ್ತಿದ್ದವು. ಅದನ್ನು ನೋಡುವುದೇ ಒಂದು ಸುಖ.

ಅರವತ್ತೆರಡನೇ ದಿನ ಶೂ ಬಾಯಿ ಬಿಟ್ಟಿತು. ಮೊಣಕಾಲ ಕೆಳಗೆ ಮೂಳೆ ನೋವು ಬೇರೆ. ಶೂ ಅಂಟಿಸಿಕೊಳ್ಳಲು ಚಾಚಾನ ಬಳಿ ಹೋದೆ. ಪ್ರಾಯದಲ್ಲಿ ಗರಡಿಮನೆಯಲ್ಲಿ ಸಾಮು ಮಾಡಿದ ಮನುಷ್ಯ. ಎಪ್ಪತ್ತರ ಹತ್ತಿರವೂ ಭುಜ ಇಳಿದಿರಲಿಲ್ಲ. ಶೂ ತಿರುವಿ, ಟೈರು ನೋಡುವಂತೆ ಅಂಚಿನ ಮೇಲೆ ಹೆಬ್ಬೆರಳು ಎಳೆದ.

"ಒಂದ ಕಡಿ ಸವದೈತಲ್ಲ ಬೇಟಿ. ದಿನಾ ಒಂದ ದಿಕ್ಕಿಗೆ ಸುತ್ತತಿಯೇನು?"

"ಹೂಂ ಚಾಚಾ. ಅರವತ್ತೆರಡು ದಿನ ಆತು, ಒಂದಿನಾನೂ ತಪ್ಸಿಲ್ಲ," ಎಂದೆ ಹೆಮ್ಮೆಯಿಂದ.

"ಲಾರಿ ಟೈರನ್ನ ಅದಲುಬದಲು ಮಾಡಿ ಹಾಕ್ತೀವಿ. ನಿನ್ನ ಕಾಲು ಅದಕ್ಕಿಂತ ಅಗ್ಗ ಆದುವೇನು? ಹೋಗ್ಲಿ, ಗುಂಡು ಎಷ್ಟ್ ದಿನ ಒಗದಿ?"

ನೋಟ್‌ಬುಕ್ಕಿನಲ್ಲಿ ಆ ಅಂಕಣವೇ ಇರಲಿಲ್ಲ.

ಮರುದಿನದಿಂದ ಮೈದಾನಕ್ಕೆ ವಾರದಲ್ಲಿ ಎರಡೇ ದಿನ, ಅದೂ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಂದು ಚಾಚಾ ಕಟ್ಟಪ್ಪಣೆ ಮಾಡಿದ. ನನಗೆ ಅಳುವೇ ಬಂತು. ಗೀಟಿನ ಸಾಲು ಮುರಿಯುತ್ತಿತ್ತಲ್ಲ! "ನಾ ಎಣಸಬ್ಯಾಡ ಅಂದೆನೇನು? ಬ್ಯಾರೆ ಬ್ಯಾರೆ ಎಣಸು," ಎಂದು ನಕ್ಕ.

ಆಮೇಲೆ ಶುರುವಾಯಿತು ನೋಡಿ ನನ್ನ ಬದುಕಿನ ಅತ್ಯಂತ ಮಜದ ಐವತ್ತು ದಿನ! ನಾಳೆ ಏನು ಎಂದು ಚಾಚಾ ಹಿಂದಿನ ದಿನ ಹೇಳುತ್ತಲೇ ಇರಲಿಲ್ಲ. ಹೇಳಿದರೆ ಮೈ ಮೊದಲೇ ನೆಪ ಹುಡುಕುತ್ತದಂತೆ. ಒಂದು ದಿನ ಹಳೆಯ ಸೈಕಲ್ ಟ್ಯೂಬನ್ನು ಬೇವಿನ ಗಿಡಕ್ಕೆ ಕಟ್ಟಿ ಎಳೆಯುವುದು. ಒಂದು ದಿನ ಬಸ್ಕಿ, ಇನ್ನೊಂದು ದಿನ ದುಂಡು ಕಲ್ಲು ಎತ್ತಿ ಒಗೆಯುವುದು. ಹಲವಾಗಲು ಊರಿನ ಅಜ್ಜಿ ಮನೆಗೆ ಹೋದಾಗ ಹೊಳೆಯ ಮರಳಿನಲ್ಲಿ ಬರಿಗಾಲ ಜಿಗಿತ. ಪ್ರತಿ ಬೆಳಗ್ಗೆ, ಯಾರೋ ಉಡುಗೊರೆ ಕೊಡಲಿದ್ದಾರೆ ಎಂಬಂತೆ ಅಂಗಡಿಗೆ ಓಡುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಏಳು ಅಂಕಣವಾದವು. ಮೂರನೇ ವಾರ ಕಾಲುನೋವಿನ ಅಂಕಣದಲ್ಲಿ ಮೊದಲ ಸಲ ಸೊನ್ನೆ ಬರೆದೆ.

ಗುರುವಾರಗಳಂದು ಕೈಪಂಪಿನಿಂದ ಗಿರಾಕಿಗಳ ಗಾಡಿಗೆಲ್ಲ ಗಾಳಿ ಹೊಡೆಯುವುದು ನನ್ನ ಪಾಲು. ಒಬ್ಬ ಬೈಕಿನವನು ಹಲ್ಲು ಕಿರಿದ. "ಏನ್ ಚಾಚಾ, ಹೊಸಾ ಮೆಕ್ಯಾನಿಕ್ ಬಂದಾಳ?"

"ಮೆಕ್ಯಾನಿಕ್ ಅಲ್ಲಲೇ, ನಾಳೆ ನಿನ್ನ ಅಡ್ಡ ಹಾಕೋ ಪೊಲೀಸಕ್ಕ. ಈಗಿಂದ್ಲೇ ಹೆಲ್ಮೆಟ್ ರೂಢಿ ಮಾಡ್ಕೋ."

ನಗು ತಡೆಯಲಾರದೆ ಪಂಪಿನ ಎಣಿಕೆ ತಪ್ಪಿತು. ಆ ದಿನದ ಲೆಕ್ಕದ ಮುಂದೆ 'ಸುಮಾರು' ಎಂದು ಬರೆದಿದ್ದೇನೆ. ಆವರೆಗಿನ ನನ್ನ ನೋಟ್‌ಬುಕ್ಕಿನಲ್ಲಿ ಆ ಪದ ಎಲ್ಲೂ ಇಲ್ಲ.

ಪರೀಕ್ಷೆಯ ದಿನ ಮೊದಲೆರಡು ಎಸೆತ ಗೆರೆಯ ಒಳಗೇ ಬಿದ್ದವು. ಉಳಿದದ್ದು ಒಂದೇ ಎಸೆತ. ಮೂರನೆಯದಕ್ಕೆ ಗುಂಡನ್ನು ಕುತ್ತಿಗೆಗೆ ಒತ್ತಿಕೊಂಡಾಗ, ಬೇವಿನ ಗಿಡಕ್ಕೆ ಕಟ್ಟಿದ ಟ್ಯೂಬು ಹಿಂದಿನಿಂದ ಜಗ್ಗಿದಂತೆ ಅನಿಸಿತು. ಕಾಲು, ಸೊಂಟ, ಭುಜ ಎಲ್ಲ ಸೇರಿ ಒಂದೇ ಸಲ ಬಿಡಿಸಿಕೊಂಡವು. ಗುಂಡು ಗೆರೆ ದಾಟಿ ಎರಡು ಗೇಣು ಮುಂದೆ ಬಿತ್ತು! ನಾನು ಕೂಗಿದ ಕೂಗಿಗೆ ಅಳತೆ ಟೇಪು ಹಿಡಿದವರು ಬೆಚ್ಚಿ ತಿರುಗಿದರು.

ಓಡೋಡಿ ಬಂದು ಹೇಳಿದಾಗ ಚಾಚಾ ಕೈಯಲ್ಲಿದ್ದ ಟ್ಯೂಬು ಕೆಳಗಿಡಲಿಲ್ಲ. "ಹಂಗಂತ ಇನ್ನ ಬರೀ ಗುಂಡ ಒಗಕೋಂತ ಕುಂದ್ರಬ್ಯಾಡ," ಎಂದ. ಕಣ್ಣು ಮಾತ್ರ ತುಂಬಿತ್ತು... ಅಥವಾ ಅದು ಸೊಲ್ಯೂಷನ್ನಿನ ಘಾಟಿರಬಹುದು.

ತರಬೇತಿ ಮುಗಿಸಿ ಸಮವಸ್ತ್ರ ತೋರಿಸಲೆಂದು ಊರಿಗೆ ಬಂದಾಗ ಅಂಗಡಿಯ ಬಾಗಿಲು ಹಾಕಿತ್ತು. ಚಾಚಾ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಬೇವಿನ ಗಿಡದಲ್ಲಿ ಟ್ಯೂಬು ಇನ್ನೂ ನೇತಾಡುತ್ತಿತ್ತು. ಬಿಚ್ಚಿಕೊಂಡು ಬಂದೆ. ಅದೀಗ ನನ್ನ ಕೋಣೆಯ ಕಿಟಕಿಗೆ ಕಟ್ಟಿದೆ.

ಮೊನ್ನೆ ಪಂಕ್ಚರ್ ಹಾಕುವುದು ಮುಗಿಯುವವರೆಗೆ ಕಲ್ಲಿನ ಮೇಲೆ ಕುಳಿತಿದ್ದೆ. ಸುಮ್ಮನೆ ಎರಡೂ ಶೂ ಬಿಚ್ಚಿ ತಿರುವಿ ನೋಡಿದೆ. ಅಂಚಿನ ಮೇಲೆ ಹೆಬ್ಬೆರಳು ಎಳೆದೆ. ಎಡ, ಬಲ, ಒಳಗೆ, ಹೊರಗೆ, ಎಲ್ಲ ಕಡೆ ಸಮನಾಗಿ ಸವೆದಿದ್ದವು. ನೋಡು ಚಾಚಾ ಎಂದು ತೋರಿಸಲು ತಲೆ ಎತ್ತಿದೆ. ಎದುರಿಗೆ ಯಾರೋ ಬೇರೆಯವರು ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.