ಬಿಳಿ ಪಟ್ಟೆಯ ನೀಲಿ ಕಾರು

ಎಡ ಬಾಗಿಲಿನ ಕೆಳಗೆ, ಅಕ್ಕಿಕಾಳಿನಷ್ಟು ಜಾಗದಲ್ಲಿ ನೀಲಿ ಬಣ್ಣ ಎದ್ದುಹೋಗಿ ಒಳಗಿನ ಬೂದು ಲೋಹ ಕಾಣುತ್ತಿತ್ತು. ಅಲ್ಲಿ ಬೆರಳಿಟ್ಟರೆ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು.

ನಾನು ಚಿಕ್ಕವಳಿದ್ದಾಗ ನನ್ನ ಬಳಿ ಇದ್ದ ಒಂದೇ ಆಟದ ಕಾರು ಅದು. ಉದ್ದ ಮೂತಿ, ಮೋಟು ಹಿಂಭಾಗ, ಬಾನೆಟ್ಟಿನಿಂದ ಡಿಕ್ಕಿಯವರೆಗೆ ಅಗಲವಾದ ಬಿಳಿ ಪಟ್ಟೆ. ನಾವು ಒಮಾನ್ ದೇಶದ ಅಲ್ ಖುವೈರ್‌ನಲ್ಲಿ, ಹೆದ್ದಾರಿ ಕಾಣುವ ಮನೆಯಲ್ಲಿದ್ದೆವು. ಸಂಜೆ ಕಿಟಕಿಯ ಕಟ್ಟೆಯ ಮೇಲೆ ಕಾರು ಓಡಿಸುವಾಗ, ಕೆಳಗೆ ಹರಿಯುವ ದೀಪಗಳ ಸಾಲಿಗೆ ಅದೂ ಸೇರಿಕೊಂಡಂತೆ ಕಾಣುತ್ತಿತ್ತು.

ಅಪ್ಪ ರುಸೈಲ್‌ನ ಒಂದು ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದರು. ಆ ಕಾರಿನ ಕತೆ ನನಗೆ ತಿಳಿದದ್ದು ಅವರಿಂದಲೇ. ಬಹಳ ಹಿಂದೆ ಅಮೆರಿಕದಲ್ಲಿ ಸಾಧಾರಣ ಗಾತ್ರದ ಎರಡು ಬಾಗಿಲಿನ ಕಾರಿಗೆ ದೊಡ್ಡ ಕಾರಿನ ಎಂಜಿನ್ ಕೂರಿಸಿದರಂತೆ. ಓಟ ಜೋರು, ಸದ್ದು ಅದಕ್ಕಿಂತ ಜೋರು. ಮಸಲ್ ಕಾರು ಎಂದು ಹೆಸರಾಯಿತು. ಹರೆಯದ ಹುಡುಗರು ಮುಗಿಬಿದ್ದರು. ಆಮೇಲೆ ಪೆಟ್ರೋಲ್ ದುಬಾರಿಯಾಯಿತು, ಹೊಗೆಗೆ ಕಾನೂನು ಬಂತು, ಅಂಥ ಕಾರುಗಳು ಒಂದೊಂದಾಗಿ ನಿಂತುಹೋದವು. ಆಟಿಕೆ ಮಾಡುವವರು ಮಾತ್ರ ಬಿಡಲಿಲ್ಲ. ಕರಗಿಸಿದ ಲೋಹವನ್ನು ಅಚ್ಚಿನೊಳಗೆ ಒತ್ತಿ, ಅದೇ ಕಾರನ್ನು ಅಂಗೈಯಷ್ಟು ಮಾಡಿ ಮಾರುತ್ತಲೇ ಇದ್ದರು. ಅದಕ್ಕೆ ಡೈಕಾಸ್ಟ್ ಎನ್ನುತ್ತಾರೆ. "ದೊಡ್ಡದು ಗುಜರಿಗೆ ಹೋಯ್ತು, ಸಣ್ಣದು ಮನೆಮನೆಗೆ ಬಂತು" ಎಂದು ಅಪ್ಪ ನಗುತ್ತಿದ್ದರು.

ಆ ವರ್ಷ, ಗುಜರಿಗೆ ಹೋಗದೆ ಉಳಿದ ಅಂಥದ್ದೇ ಒಂದು ನಿಜವಾದ ಕಾರು ಅಪ್ಪನ ಗ್ಯಾರೇಜಿಗೆ ಬಂತು. ಅದು ಒಬ್ಬ ಒಮಾನಿ ಮುದುಕರದು. ಹಳೆಯ ಬಣ್ಣದ ಮೇಲೆ ಯಾರೋ ಕಂದು ಬಳಿದಿದ್ದರು. ಅಪ್ಪ ಅದನ್ನು ಉಜ್ಜಿ ತೆಗೆದು ನೀಲಿ ಹೊಡೆದರು. ಬಿಳಿ ಪಟ್ಟೆ ಎಷ್ಟು ಅಗಲವಿತ್ತು ಎಂಬುದು ಮಾತ್ರ ಮುದುಕರಿಗೂ ನೆನಪಿರಲಿಲ್ಲ. "ನನ್ನ ಮಗಳ ಹತ್ರ ಇದೇ ಕಾರು ಉಂಟು, ಬಂದು ನೋಡಿ" ಎಂದಿದ್ದರು ಅಪ್ಪ.

ಅವರು ಬಂದದ್ದು ಆಯುಧ ಪೂಜೆಯ ಸಂಜೆ. ದೇವರ ಮುಂದೆ ಅಪ್ಪ ಪಟ್ಟೆ ಎಳೆಯುವ ತೆಳು ಕುಂಚ, ಅಮ್ಮನ ಕತ್ತರಿ, ಅಕ್ಕನ ಕಂಪಾಸ್ ಪೆಟ್ಟಿಗೆ, ಅವುಗಳ ಪಕ್ಕದಲ್ಲಿ ನನ್ನ ಕಾರು. ಎಲ್ಲಕ್ಕೂ ಕುಂಕುಮ. ನನ್ನ ಕಾರಿನ ಅಡಿಯ ತಗಡಿಗೂ ನಾನೇ ಒಂದು ಬೊಟ್ಟು ಇಟ್ಟಿದ್ದೆ. ಆರತಿ ಆಗಿತ್ತು. "ಇನ್ನು ನಾಳೆ ಬೆಳಿಗ್ಗೆವರೆಗೆ ಯಾರೂ ಮುಟ್ಲಿಕ್ಕಿಲ್ಲ" ಎಂದು ಅಮ್ಮ ಹೇಳಿ ಮುಗಿಸುವಾಗ ಬಾಗಿಲು ಬಡಿದ ಸದ್ದಾಯಿತು.

ಮುದುಕರ ಬಿಳಿ ನಿಲುವಂಗಿಯಿಂದ ಬಂದ ಲೋಬಾನದ ಪರಿಮಳ ನಮ್ಮ ಊದುಬತ್ತಿಯ ಹೊಗೆಯೊಂದಿಗೆ ಬೆರೆಯಿತು. ಕಾರು ಕಂಡೊಡನೆ ಅವರು ಕೈ ಚಾಚಿದರು. ಅಪ್ಪ ಮುಜುಗರದಿಂದ, "ಅರ್ಬಾಬ್, ಇವತ್ತು ಅದಕ್ಕೆ ರಜೆ. ನನ್ನ ಕುಂಚಕ್ಕೂ ರಜೆ" ಎಂದು ಹಿಂದಿಯಲ್ಲಿ ಹೇಳಿದರು. ಅರ್ಬಾಬ್ ಎಂದರೆ ಅಲ್ಲಿ ಧಣಿ.

"ಕಾರಿಗೂ ರಜೆಯಾ? ನನ್ನ ಡ್ರೈವರ್ ಕೇಳಿಸಿಕೊಳ್ಳದಿದ್ದರೆ ಸಾಕು!" ಎಂದು ನಕ್ಕು, ಅವರು ಕೈ ಹಿಂದೆಗೆದರು. ಊರುಗೋಲು ಬದಿಗಿಟ್ಟು, ನೆಲದ ಮೇಲೆ ಕುಳಿತು, ತಲೆ ವಾಲಿಸಿ ವಾಲಿಸಿ ನೋಡಿದರು. ಮಾತಾಡಿದಾಗ ಅವರ ದನಿ ಬೇರೆಯಾಗಿತ್ತು.

"ನಾನಾಗ ಹುಡುಗ, ಕಾರು ಅಣ್ಣನದು. ಅವನು ಅದನ್ನು ತೊಳೆಯುವಾಗ ನಾನು ಬಾನೆಟ್ ಮೇಲೆ ಕೂರ್ತಿದ್ದೆ. ನೀಲಿ ಬಿಸಿಲಿಗೆ ಸುಡ್ತಿತ್ತು, ಬಿಳಿ ಅಷ್ಟು ಸುಡ್ತಿರಲಿಲ್ಲ. ಕಾಲು ಮಡಚಿ ಪಟ್ಟೆಯೊಳಗೇ ಕೂರ್ತಿದ್ದೆ. ಆ ಹುಡುಗನಷ್ಟೇ ಅಗಲ ಎಳೆಯಪ್ಪ."

ಆ ಅಣ್ಣ ಮರುದಿನ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ಕಣ್ಣು ಪೂರ್ತಿ ಹೋಗಿತ್ತು. "ದೊಡ್ಡ ಕಾರು ಮನೆ ಮುಂದೆ ನಿಲ್ಲಿಸಿದರೂ ಅವನಿಗೆ ಎಲ್ಲಿ ಕಾಣಬೇಕು? ಇಷ್ಟು ಚಿಕ್ಕದಾದರೆ ಕೈಗೆ ಕೊಡಬಹುದಿತ್ತು" ಎಂದವರು ನನ್ನ ಮುಖ ನೋಡಿ, "ಖಲಾಸ್, ಖಲಾಸ್, ಬಿಡು. ಮುದುಕನ ಮಾತು" ಎಂದು ಎದ್ದರು.

"ಅದು ಅವಳದ್ದು" ಎಂದಷ್ಟೇ ಅಪ್ಪ ಹೇಳಿದರು.

ಅವರು ಹೋದ ಮೇಲೆ ಅಕ್ಕ, "ಇವಳು ಕೊಡುದಾ? ಪೆನ್ಸಿಲ್ ಕೆತ್ತಿದ ಸಿಪ್ಪೆ ಸಹ ಕೊಡುವವಳಲ್ಲ ಮಾರಾಯ್ರೆ!" ಎಂದಳು. ಅಮ್ಮ ಅವಳನ್ನು ಗದರಿದರು. ನಾನು ದೇವರ ಮುಂದೆ ಕುಳಿತೆ. ದೀಪ ಅಲುಗಿದಾಗ ಕಾರಿನ ನೆರಳು ಗೋಡೆಯ ಮೇಲೆ ಉದ್ದವಾಗಿ, ನಿಜವಾದ ಕಾರಿನಷ್ಟೇ ಆಗಿ, ಮತ್ತೆ ಚಿಕ್ಕದಾಗುತ್ತಿತ್ತು. ಹೆದ್ದಾರಿಯ ಸದ್ದು ಆ ನೆರಳಿನಿಂದಲೇ ಬಂದಂತಿತ್ತು. ಬಾನೆಟ್ಟಿನ ಮೇಲೆ ಕಾಲು ಮಡಚಿ ಕುಳಿತ ಒಬ್ಬ ಹುಡುಗ, ನೀರಿನ ಬಕೆಟ್ಟು ಹಿಡಿದ ಅವನ ಅಣ್ಣ ನನಗೆ ಅಲ್ಲಿ ಕಂಡರು. ಮುಟ್ಟಬೇಕೆನಿಸಿತು. ಬೆಳಗಾಗುವವರೆಗೆ ನಾನೂ ಮುಟ್ಟುವಂತಿರಲಿಲ್ಲ.

ಈಗ ಅಕ್ಕನ ಮಕ್ಕಳಾದ ನಿಮ್ಮ ಕಪಾಟಿನಲ್ಲಿ ಅದೇ ಕಾರು, ಬೇರೆ ಬೇರೆ ಬಣ್ಣದಲ್ಲಿ, ಡಬ್ಬಿ ಒಡೆಯದೆ ಸಾಲಾಗಿ ನಿಂತಿದೆ. ಒಂದನ್ನು ತೆಗೆದು ಆಡೋಣವೇ ಎಂದರೆ, "ನೋ ಚಿಕ್ಕಿ! ಓಪನ್ ಮಾಡಿದ್ರೆ ವ್ಯಾಲ್ಯೂ ಹೋಗ್ತದೆ" ಎನ್ನುತ್ತೀರಿ. ನಿಮ್ಮ ಕಾರುಗಳಿಗೆ ವರ್ಷವಿಡೀ ರಜೆ. ನನ್ನ ಕಾರಿಗೆ ಸಿಕ್ಕಿದ್ದು ಆ ಒಂದು ರಾತ್ರಿಯ ರಜೆ.

ಮರುದಿನ ಬೆಳಿಗ್ಗೆ ಅಮ್ಮ ಮತ್ತೆ ಆರತಿ ಎತ್ತಿದರು. ಅಪ್ಪ ಕುಂಚ ತೆಗೆದುಕೊಂಡರು. ನಾನು ಕಾರು ತೆಗೆದುಕೊಂಡು, ಒದ್ದೆ ಬಟ್ಟೆಯಿಂದ ಬಾನೆಟ್ಟು, ಚಕ್ರ, ಬಿಳಿ ಪಟ್ಟೆ ಎಲ್ಲವನ್ನೂ ಒರೆಸಿದೆ. ಅಡಿಯ ತಗಡಿನ ಮೇಲಿದ್ದ ಬೊಟ್ಟನ್ನು ಹಾಗೆಯೇ ಬಿಟ್ಟೆ. ಆಮೇಲೆ ಬಣ್ಣ ಎದ್ದ ಜಾಗದಲ್ಲಿ ಒಮ್ಮೆ ಬೆರಳಿಟ್ಟು, ಕಾರನ್ನು ಗ್ಯಾರೇಜಿಗೆ ಹೊರಟ ಅಪ್ಪನ ಅಂಗಿಯ ಜೇಬಿಗೆ ಹಾಕಿದೆ.